ವ್ಯಾಪಾರದ ಕಾನೂನಿನಿಂದ ವಿಶ್ವ ನ್ಯಾಯಾಲಯಕ್ಕೆ

ಹಾಲೆಂಡ್ ದೇಶದ ಹೇಗ್ ನಗರದಲ್ಲಿ 'ಶಾಂತಿ ಸೌಧ' ಎಂಬ ಭವ್ಯವಾದ ಕಟ್ಟಡವೊಂದಿದೆ. ಅಮೆರಿಕದ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಕೊಟ್ಟ ಹಣದಿಂದ ಕಟ್ಟಿದ ಈ ಸೌಧ 1913ರಲ್ಲಿ ಉದ್ಘಾಟನೆಯಾಯಿತು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯ ನಡೆಯುವುದು ಇಲ್ಲಿಯೇ. 1966ರ ಜುಲೈ 18ರಂದು ಇಲ್ಲಿ ಒಂದು ತೀರ್ಪು ಹೊರಬಿತ್ತು. ಆ ದಿನ ಪೀಠದಲ್ಲಿದ್ದ ನ್ಯಾಯಾಧೀಶರು ಹದಿನಾಲ್ಕು ಮಂದಿ. ಏಳು ಮಂದಿ ಒಂದು ಕಡೆ, ಏಳು ಮಂದಿ ಇನ್ನೊಂದು ಕಡೆ! ಸಮ ಸಮವಾದಾಗ ಅಧ್ಯಕ್ಷರಿಗೆ ಇನ್ನೊಂದು ಮತ ಹಾಕುವ ಅಧಿಕಾರವಿರುತ್ತದೆ. ಆಸ್ಟ್ರೇಲಿಯಾದವರಾದ ಅಧ್ಯಕ್ಷ ಸರ್ ಪರ್ಸಿ ಸ್ಪೆಂಡರ್ ಆ ಮತವನ್ನು ಚಲಾಯಿಸಿದರು. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿರುದ್ಧ ಇಥಿಯೋಪಿಯಾ ಮತ್ತು ಲೈಬೀರಿಯಾ ದೇಶಗಳು ಹೂಡಿದ್ದ ಮೊಕದ್ದಮೆ ವಜಾ ಆಯಿತು.

ಸೋತ ಏಳು ಮಂದಿಯೂ ತಮ್ಮ ತಮ್ಮ ಭಿನ್ನಮತವನ್ನು ಬರೆದಿಟ್ಟರು. ಅವುಗಳಲ್ಲಿ ಇಂದಿಗೂ ಹೆಚ್ಚು ಓದಲ್ಪಡುವ ಭಿನ್ನಮತಗಳಲ್ಲೊಂದು 75 ವರ್ಷ ವಯಸ್ಸಿನ ಜಪಾನೀ ನ್ಯಾಯಾಧೀಶರೊಬ್ಬರದು. ಅವರ ಹೆಸರು ಕೊಟಾರೊ ತನಾಕ. ಆಶ್ಚರ್ಯವೆಂದರೆ ಅವರು ಮಾನವ ಹಕ್ಕುಗಳ ಹೋರಾಟಗಾರರಲ್ಲ. ಅವರ ಮೂಲ ವಿಷಯ ವಾಣಿಜ್ಯ ಕಾನೂನು, ಎಂದರೆ ಚೆಕ್ಕು, ಹುಂಡಿ, ಷೇರು, ಕಂಪೆನಿ ಇವುಗಳ ಕಾನೂನು. ಚೆಕ್ಕಿನ ಕಾನೂನು ಓದಿಸುತ್ತಿದ್ದ ಮೇಷ್ಟರೊಬ್ಬರು ಮನುಷ್ಯರ ಸಮಾನತೆಯ ಬಗ್ಗೆ ಎಪ್ಪತ್ತಕ್ಕೂ ಹೆಚ್ಚು ಪುಟ ಬರೆಯುವಲ್ಲಿಗೆ ತಲುಪಿದ್ದು ಹೇಗೆ? ದಾರಿ ನೇರವಾಗಿರಲಿಲ್ಲ.

ತನಾಕ ಹುಟ್ಟಿದ್ದು 1890ರ ಅಕ್ಟೋಬರ್ 25ರಂದು, ಜಪಾನಿನ ದಕ್ಷಿಣ ತುದಿಯ ಕಾಗೋಷಿಮಾದಲ್ಲಿ. ತಂದೆ ನ್ಯಾಯಾಂಗ ಇಲಾಖೆಯಲ್ಲಿದ್ದವರು. ಮಗು ಹುಟ್ಟಿದ ಐದು ದಿನಕ್ಕೆ, ಅಕ್ಟೋಬರ್ 30ರಂದು, ಮೇಜಿ ಚಕ್ರವರ್ತಿ ಶಿಕ್ಷಣದ ಬಗ್ಗೆ ಒಂದು ರಾಜಾಜ್ಞೆಯನ್ನು ಹೊರಡಿಸಿದರು. ತಂದೆತಾಯಿಗೆ ವಿಧೇಯರಾಗಿರಿ, ಕಾನೂನನ್ನು ಪಾಲಿಸಿ, ಆಪತ್ತು ಬಂದಾಗ ದೇಶಕ್ಕೆ ನಿಮ್ಮನ್ನೇ ಅರ್ಪಿಸಿಕೊಳ್ಳಿ ಎಂಬುದು ಅದರ ಸಾರ. ಮುಂದಿನ ಅರ್ಧ ಶತಮಾನ ಜಪಾನಿನ ಶಾಲಾ ಮಕ್ಕಳು ತಲೆ ತಗ್ಗಿಸಿ ನಿಂತು ಇದನ್ನು ಕೇಳಬೇಕಾಗಿತ್ತು. ತನಾಕ ಮುಂದೊಂದು ದಿನ ಶಿಕ್ಷಣ ಮಂತ್ರಿಯಾದಾಗ ಈ ರಾಜಾಜ್ಞೆ ಅವರ ಮೇಜಿನ ಮೇಲೆಯೇ ಬಂದು ಕೂರುತ್ತದೆ. ಅದು ಆಮೇಲಿನ ಮಾತು.

1915ರಲ್ಲಿ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದಿಂದ ಕಾನೂನು ಪದವಿ. ಕೈಗೆ ಗೃಹ ಇಲಾಖೆಯ ಸರಕಾರಿ ನೌಕರಿ ಬಂತು. ಯಾವ ತಂದೆತಾಯಿಯಾದರೂ ಸಂತೋಷಪಡಬೇಕಾದ ನೌಕರಿಯೇ. ಆದರೆ ತನಾಕ ಸ್ವಲ್ಪ ಕಾಲದಲ್ಲೇ ಅದನ್ನು ಬಿಟ್ಟು ವಿಶ್ವವಿದ್ಯಾಲಯಕ್ಕೆ ಮರಳಿದರು. 1917ರಲ್ಲಿ ಸಹಾಯಕ ಪ್ರಾಧ್ಯಾಪಕರಾದರು. 1919ರಿಂದ ಸುಮಾರು ಮೂರು ವರ್ಷ ಅಮೆರಿಕ, ಯೂರೋಪುಗಳಲ್ಲಿ ವ್ಯಾಸಂಗ ಮಾಡಿ ಬಂದು, 1923ರಲ್ಲಿ ಪ್ರಾಧ್ಯಾಪಕ ಪದವಿಗೇರಿದರು. ಅವರ ಕ್ಷೇತ್ರದ ಹಿರಿಯ ಪಂಡಿತರಾಗಿದ್ದ ಜೋಜಿ ಮಾತ್ಸುಮೊಟೊ ಅವರ ಮಗಳನ್ನು ಮದುವೆಯಾದರು. ವಿದ್ಯಾರ್ಥಿದೆಸೆಯಲ್ಲಿ ಕಾಂಜೊ ಉಚಿಮುರಾ ಎಂಬ ಕ್ರೈಸ್ತ ಚಿಂತಕರ ಪ್ರಭಾವಕ್ಕೆ ಒಳಗಾಗಿದ್ದ ತನಾಕ 1926ರಲ್ಲಿ ಕ್ಯಾಥೊಲಿಕ್ ಪಂಥವನ್ನು ಸೇರಿದರು.

ಈಗ ವಾಣಿಜ್ಯ ಕಾನೂನು ಎಂದರೇನೆಂದು ಸ್ವಲ್ಪ ನೋಡೋಣ. ಇದು ಒಣ ವಿಷಯವೆಂದು ಪುಟ ತಿರುಗಿಸುವ ಅಗತ್ಯವಿಲ್ಲ.

ಯೊಕೊಹಾಮಾದ ರೇಷ್ಮೆ ವ್ಯಾಪಾರಿಯೊಬ್ಬ ಫ್ರಾನ್ಸಿನ ಲಿಯೋನ್ ನಗರದ ನೇಕಾರ ಕಂಪೆನಿಗೆ ಸರಕು ಕಳಿಸುತ್ತಾನೆ ಎಂದುಕೊಳ್ಳಿ. ಹಡಗು ತಲುಪಲು ವಾರಗಳು ಬೇಕು. ಹಣ ಬರುವುದು ಯಾವಾಗ? ವ್ಯಾಪಾರಿ ಒಂದು ಚೀಟಿ ಬರೆಯುತ್ತಾನೆ: 'ಇಷ್ಟು ದಿನಗಳ ಬಳಿಕ ಇಷ್ಟು ಹಣ ಕೊಡತಕ್ಕದ್ದು.' ಆ ಚೀಟಿಯನ್ನು ಅವನು ಬ್ಯಾಂಕಿಗೆ ಮಾರಿ ಕೂಡಲೇ ನಗದು ಪಡೆಯುತ್ತಾನೆ. ಬ್ಯಾಂಕು ಅದನ್ನು ಇನ್ನೊಂದು ಬ್ಯಾಂಕಿಗೆ ಕೊಡುತ್ತದೆ. ಹೀಗೆ ಚೀಟಿ ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ಸಾಗುತ್ತದೆ. ನಮ್ಮ ಮಾರವಾಡಿಗಳ, ಚೆಟ್ಟಿಯಾರರ ಹುಂಡಿಯೂ ಇಂಥದ್ದೇ. ಚೀಟಿ ಕೊನೆಗೆ ಯಾರ ಕೈಯಲ್ಲಿದೆಯೋ ಅವರಿಗೆ ಹಣ ಸಲ್ಲಬೇಕು. ಆತ ಯಾವ ಊರಿನವ, ಯಾವ ಕುಲದವ, ಒಳ್ಳೆಯವನೋ ಕೆಟ್ಟವನೋ ಎಂದು ಯಾರೂ ಕೇಳುವುದಿಲ್ಲ. ಬಸ್ಸಿನ ಕಂಡಕ್ಟರ್ ಟಿಕೆಟ್ ನೋಡುತ್ತಾನೆಯೇ ಹೊರತು ಜಾತಕ ನೋಡುವುದಿಲ್ಲವಲ್ಲ, ಹಾಗೆ.

ತನಾಕ ಗುರುತಿಸಿದ್ದು ಈ ಗುಣವನ್ನೇ. ವ್ಯಾಪಾರ ಎಂಬುದು ಒಂದೇ ಬಗೆಯ ವ್ಯವಹಾರವನ್ನು ಸಾವಿರಾರು ಸಲ ನಡೆಸುವ ಕೆಲಸ. ಹಾಗೆ ನಡೆಯುವಾಗ ಮನುಷ್ಯರ ವೈಯಕ್ತಿಕ ಗುರುತುಗಳು ಅಳಿಸಿಹೋಗುತ್ತವೆ. ಸಾಮಾನ್ಯ ಕಾನೂನಿನ ವಿಷಯಗಳಿಗೆ ಈ ಒಂದು ಬಣ್ಣ ಹತ್ತಿಕೊಂಡಾಗ ಅವು ವಾಣಿಜ್ಯ ಕಾನೂನಿನ ವಿಷಯಗಳಾಗುತ್ತವೆ ಎಂದು ಅವರು ವಾದಿಸಿದರು. ಜಪಾನಿನ ಕಾನೂನು ವಿದ್ಯಾರ್ಥಿಗಳು ಇದನ್ನು 'ವಾಣಿಜ್ಯ ವರ್ಣ'ದ ಸಿದ್ಧಾಂತವೆಂದು ಓದುತ್ತಾರೆ. ಮುಂದೆ ಚರ್ಮದ ಬಣ್ಣದ ಬಗ್ಗೆ ತೀರ್ಪು ಬರೆಯಬೇಕಾಗಿ ಬಂದವರು ಮೊದಲು ಹೆಸರು ಮಾಡಿದ್ದು ಬಣ್ಣವೆಂಬ ಮಾತಿನಿಂದಲೇ!

ಇಂಥ ವ್ಯವಹಾರಕ್ಕೆ ದೇಶಕ್ಕೊಂದು ಕಾನೂನಿದ್ದರೆ ಕಷ್ಟ. ಯೊಕೊಹಾಮಾದಲ್ಲಿ ಸಿಂಧುವಾದ ಚೀಟಿ ಲಿಯೋನಿನಲ್ಲಿ ಅಸಿಂಧುವಾದರೆ ವ್ಯಾಪಾರವೇ ನಿಲ್ಲುತ್ತದೆ. ಹೀಗಾಗಿ ಜಿನೀವಾದಲ್ಲಿ ಹಲವು ದೇಶಗಳು ಸೇರಿ 1930ರಲ್ಲಿ ಹುಂಡಿಗಳ ಬಗ್ಗೆ, 1931ರಲ್ಲಿ ಚೆಕ್ಕುಗಳ ಬಗ್ಗೆ ಏಕರೂಪದ ಕಾನೂನನ್ನು ಒಪ್ಪಿಕೊಂಡವು. ಜಪಾನ್ ಅದರಂತೆಯೇ 1932 ಮತ್ತು 1933ರಲ್ಲಿ ತನ್ನ ಕಾನೂನುಗಳನ್ನು ಮಾಡಿಕೊಂಡಿತು. (ಭಾರತ ಈ ಗುಂಪಿಗೆ ಸೇರಲಿಲ್ಲ. ನಮ್ಮ ಚೆಕ್ಕುಗಳು ಇಂಗ್ಲಿಷ್ ಪದ್ಧತಿಯ 1881ರ ಕಾಯಿದೆಯಡಿ ನಡೆಯುತ್ತವೆ. ದೇಶೀ ಭಾಷೆಗಳ ಹುಂಡಿಗಳಿಗೆ ಆಯಾ ಸ್ಥಳದ ರೂಢಿಯನ್ನೂ ಆ ಕಾಯಿದೆ ಮನ್ನಿಸುತ್ತದೆ.)

ಇದನ್ನೆಲ್ಲ ಹತ್ತಿರದಿಂದ ಅಭ್ಯಾಸ ಮಾಡುತ್ತಿದ್ದ ತನಾಕರಿಗೆ ಒಂದು ದೊಡ್ಡ ಯೋಚನೆ ಹೊಳೆಯಿತು. ಚೆಕ್ಕಿಗೆ ಇಡೀ ಜಗತ್ತಿನ ಒಂದು ಕಾನೂನು ಸಾಧ್ಯವಾದರೆ, ಉಳಿದುದಕ್ಕೆ ಏಕೆ ಸಾಧ್ಯವಿಲ್ಲ? 1932ರಿಂದ 1934ರವರೆಗೆ ಅವರು 'ವಿಶ್ವ ಕಾನೂನಿನ ಸಿದ್ಧಾಂತ' ಎಂಬ ಗ್ರಂಥವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಕಾನೂನು ಎಂಬುದು ಸರಕಾರದ ಆಜ್ಞೆ ಮಾತ್ರವಲ್ಲ, ಎಲ್ಲ ಮನುಷ್ಯರಿಗೂ ಸಾಮಾನ್ಯವಾದ ನ್ಯಾಯವೊಂದು ಅದರ ತಳದಲ್ಲಿದೆ ಎಂಬುದು ಅದರ ತಿರುಳು. ಕಾಲ ಮಾತ್ರ ಇದಕ್ಕೆ ತದ್ವಿರುದ್ಧವಾಗಿತ್ತು. ಜಪಾನಿನ ಸೈನ್ಯ 1931ರಲ್ಲಿ ಮಂಚೂರಿಯಾಕ್ಕೆ ನುಗ್ಗಿತ್ತು. 1933ರಲ್ಲಿ ಜಪಾನ್ ರಾಷ್ಟ್ರಸಂಘವನ್ನೇ ಬಿಟ್ಟು ಹೊರನಡೆಯಿತು. ಇಡೀ ದೇಶ ತನ್ನ ಬಾಗಿಲು ಮುಚ್ಚಿಕೊಳ್ಳುತ್ತಿದ್ದಾಗ ಒಬ್ಬ ಪ್ರಾಧ್ಯಾಪಕ ವಿಶ್ವಕ್ಕೊಂದು ಕಾನೂನಿನ ಬಗ್ಗೆ ಮೂರು ಸಂಪುಟ ಬರೆಯುತ್ತಿದ್ದರು.

ಇಲ್ಲಿ ವಿಜ್ಞಾನದ ಒಂದು ಹೋಲಿಕೆ ನೆರವಾಗಬಹುದು. ಮೀಟರ್ ಎಂಬ ಅಳತೆ ಇಂದು ಎಲ್ಲ ದೇಶಗಳಲ್ಲೂ ಒಂದೇ. ಏಕೆಂದರೆ 1875ರಲ್ಲಿ ಪ್ಯಾರಿಸಿನಲ್ಲಿ ಸೇರಿದ ದೇಶಗಳು ಹಾಗೆಂದು ಒಪ್ಪಂದ ಮಾಡಿಕೊಂಡವು. ಆದರೆ ಮೇಲಕ್ಕೆಸೆದ ಕಲ್ಲು ಕೆಳಗೆ ಬೀಳುವುದಕ್ಕೆ ಯಾವ ಒಪ್ಪಂದವೂ ಬೇಕಾಗಿರಲಿಲ್ಲ. ನ್ಯೂಟನ್ ಗುರುತ್ವವನ್ನು ಮಾಡಲಿಲ್ಲ, ಇರುವುದನ್ನು ಕಂಡು ಹೇಳಿದ. ಚೆಕ್ಕಿನ ಕಾನೂನು ಮೀಟರಿನಂಥದು. ಮನುಷ್ಯನ ಹಕ್ಕುಗಳು ಯಾವುದರಂತೆ? ಮೀಟರಿನಂತೆಯೋ, ಗುರುತ್ವದಂತೆಯೋ? ಈ ಪ್ರಶ್ನೆಗೆ ತನಾಕ ಸ್ಪಷ್ಟವಾದ ಉತ್ತರ ಬರೆದದ್ದು ಮೂವತ್ತು ವರ್ಷಗಳ ಬಳಿಕ.

ನಡುವಿನ ವರ್ಷಗಳಲ್ಲಿ ಅವರ ನಡೆ ಏಕರೂಪವಾಗಿತ್ತು ಎನ್ನಲಾಗದು. 1937ರಲ್ಲಿ ಅವರು ಕಾನೂನು ವಿಭಾಗದ ಮುಖ್ಯಸ್ಥರಾದರು. ಮರುವರ್ಷ ಶಿಕ್ಷಣ ಮಂತ್ರಿಯಾಗಿದ್ದ ಜನರಲ್ ಸದಾವೊ ಅರಾಕಿ, ವಿಶ್ವವಿದ್ಯಾಲಯದ ಕುಲಪತಿಯನ್ನು ಪ್ರಾಧ್ಯಾಪಕರೇ ಚುನಾಯಿಸುವ ಪದ್ಧತಿ ಕೂಡದೆಂದಾಗ ಅದನ್ನು ಎದುರಿಸಿ ನಿಂತವರಲ್ಲಿ ತನಾಕರೂ ಒಬ್ಬರು. ಆದರೆ 1939ರಲ್ಲಿ ಸೈನ್ಯಶಾಹಿಯ ಟೀಕಾಕಾರರಾಗಿದ್ದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಎಜಿರೊ ಕವಾಯಿ ಅವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದಾಗ, ಕುಲಪತಿಯ ಸಲಹೆಗಾರರಲ್ಲೂ ತನಾಕ ಇದ್ದರು. 1945ರ ವಸಂತದಲ್ಲಿ ಟೋಕಿಯೊ ನಗರ ಬಾಂಬುಗಳಿಂದ ಉರಿಯುತ್ತಿದ್ದಾಗ, ಯುದ್ಧವನ್ನು ಬೇಗ ನಿಲ್ಲಿಸಬೇಕೆಂದು ಕಾನೂನು ವಿಭಾಗದ ಏಳು ಮಂದಿ ಪ್ರಾಧ್ಯಾಪಕರು ಗುಟ್ಟಾಗಿ ಹಿರಿಯ ರಾಜಕಾರಣಿಗಳನ್ನು ಕಂಡು ಮಾತಾಡಿದರು. ಷಿಗೆರು ನಂಬಾರಾ ಅವರ ಮುಂದಾಳುತನದ ಆ ಏಳರಲ್ಲಿ ತನಾಕ ಮತ್ತೆ ಇದ್ದರು. ಸಿಕ್ಕಿಬಿದ್ದರೆ ಆಗಬಹುದಾಗಿದ್ದ ಗತಿಯನ್ನು ಊಹಿಸಿಕೊಳ್ಳಬಹುದು.

ಯುದ್ಧ ಮುಗಿಯಿತು. ಸೋತ ಜಪಾನಿನಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಗಿತ್ತು. 1945ರ ಅಕ್ಟೋಬರಿನಲ್ಲಿ ತನಾಕ ಶಿಕ್ಷಣ ಇಲಾಖೆಯ ಶಾಲಾ ವಿಭಾಗದ ಮುಖ್ಯಸ್ಥರಾದರು. 1946ರ ಮೇ ತಿಂಗಳಲ್ಲಿ ಷಿಗೆರು ಯೊಷಿದಾ ಮಂತ್ರಿಮಂಡಲದಲ್ಲಿ ಶಿಕ್ಷಣ ಮಂತ್ರಿಯಾದರು. ಆಗ ಚಕ್ರವರ್ತಿಯ ಹಳೆಯ ರಾಜಾಜ್ಞೆ ಅವರ ಮುಂದೆ ಬಂತು. ಅದರಲ್ಲಿನ ನೀತಿ ಮಾನವಕುಲಕ್ಕೆಲ್ಲ ಒಪ್ಪುವಂಥದೇ ಎಂದು ತನಾಕ ಅದರ ಪರವಾಗಿ ಮಾತಾಡಿದ್ದರು. ಇದಕ್ಕಾಗಿ ಅವರಿಗೆ ಬಂದ ಟೀಕೆ ಕಡಿಮೆಯದಲ್ಲ. ಟೀಕೆ ಸರಿಯಾದದ್ದೇ. ತಂದೆತಾಯಿಗೆ ವಿಧೇಯತೆ ಎಂಬ ಒಳ್ಳೆಯ ಮಾತನ್ನು ಮುಂದಿಟ್ಟುಕೊಂಡೇ ಅದು ಒಂದು ತಲೆಮಾರಿನ ಹುಡುಗರನ್ನು ರಣರಂಗಕ್ಕೆ ಕಳಿಸಿತ್ತು. 1948ರ ಜೂನಿನಲ್ಲಿ ಜಪಾನಿನ ಸಂಸತ್ತು ಅದಕ್ಕೆ ಕೊನೆ ಹಾಡಿತು.

ಆದರೆ ಇದೇ ಮಂತ್ರಿಯ ಕಾಲದಲ್ಲಿ ಸಿದ್ಧವಾಗಿ, ಅವರು ಹುದ್ದೆ ಬಿಟ್ಟ ಎರಡು ತಿಂಗಳಿಗೆ, 1947ರ ಮಾರ್ಚ್ 31ರಂದು ಜಾರಿಗೆ ಬಂದ ಶಿಕ್ಷಣದ ಮೂಲ ಕಾಯಿದೆಯನ್ನು ನೋಡಿ. ಒಂಬತ್ತು ವರ್ಷಗಳ ಕಡ್ಡಾಯ ಶಿಕ್ಷಣ, ಸರಕಾರಿ ಶಾಲೆಗಳಲ್ಲಿ ಅದಕ್ಕೆ ಬೋಧನಾ ಶುಲ್ಕವಿಲ್ಲ, ಹುಡುಗ ಹುಡುಗಿಯರು ಒಟ್ಟಿಗೆ ಕಲಿಯಬಹುದು. ಅದರ ಹತ್ತನೆಯ ಕಲಮು ಇನ್ನೂ ಮುಖ್ಯ. ಶಿಕ್ಷಣ ಯಾವುದೇ ಅನುಚಿತ ಹಿಡಿತಕ್ಕೆ ಸಿಲುಕದೆ, ನೇರವಾಗಿ ಜನತೆಗೆ ಹೊಣೆಯಾಗಿರಬೇಕು ಎಂದು ಅದು ಹೇಳಿತು. ನ್ಯಾಯಾಂಗ ಹೇಗೆ ಮಂತ್ರಿಗಳ ಮಾತು ಕೇಳಬೇಕಾಗಿಲ್ಲವೋ ಹಾಗೆಯೇ ಶಾಲೆಯೂ ಇರಬೇಕು ಎಂಬುದು ತನಾಕರ ನಿಲುವಾಗಿತ್ತು. ಶಿಕ್ಷಣ ಮಂತ್ರಿಯೊಬ್ಬರು ತಮ್ಮ ಇಲಾಖೆಯ ಕೈಯನ್ನು ತಾವೇ ಕಟ್ಟಿಕೊಳ್ಳುವುದು ಅಪರೂಪದ ದೃಶ್ಯ. (2006ರಲ್ಲಿ ಈ ಕಾಯಿದೆಯನ್ನು ಪೂರ್ತಿಯಾಗಿ ತಿದ್ದಲಾಯಿತು.)

ಇನ್ನೊಂದು ಸ್ವಾರಸ್ಯವಿದೆ. ಯುದ್ಧಾನಂತರದ ಮೊದಲ ಸಂವಿಧಾನ ಕರಡನ್ನು ಬರೆದದ್ದು ತನಾಕರ ಮಾವ ಮಾತ್ಸುಮೊಟೊ. ಹಳೆಯದಕ್ಕೆ ಒಂದಷ್ಟು ತೇಪೆ ಹಾಕಿದಂತಿದ್ದ ಅದನ್ನು ಜನರಲ್ ಡಗ್ಲಾಸ್ ಮ್ಯಾಕ್‌ಆರ್ಥರ್ ಅವರ ಕಚೇರಿ 1946ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಅದೇ ವರ್ಷ ನವೆಂಬರ್ 3ರಂದು ಪ್ರಕಟವಾದ ಹೊಸ ಸಂವಿಧಾನಕ್ಕೆ ಮಂತ್ರಿಯಾಗಿ ಸಹಿ ಹಾಕಿದವರಲ್ಲಿ ಅಳಿಯ ಇದ್ದರು. ಆ ಸಂವಿಧಾನದ ಒಂಬತ್ತನೆಯ ಕಲಮು ಯುದ್ಧವನ್ನೇ ತ್ಯಜಿಸಿತ್ತು. ಮುಂದೆ ತನಾಕರನ್ನು ಕಾಡಿದ್ದು ಈ ಕಲಮೇ.

1950ರ ಮಾರ್ಚಿನಲ್ಲಿ ತನಾಕ ಜಪಾನಿನ ಸರ್ವೋಚ್ಚ ನ್ಯಾಯಾಲಯದ ಎರಡನೆಯ ಮುಖ್ಯ ನ್ಯಾಯಾಧೀಶರಾದರು. 1960ರ ಅಕ್ಟೋಬರಿನಲ್ಲಿ, ಎಪ್ಪತ್ತು ತುಂಬುವ ಮುನ್ನಾದಿನ, ನಿವೃತ್ತರಾದರು. ಹತ್ತು ವರ್ಷ ಏಳು ತಿಂಗಳು. ಅಷ್ಟು ದೀರ್ಘ ಕಾಲ ಆ ಪೀಠದಲ್ಲಿ ಕುಳಿತವರು ಬೇರೆ ಯಾರೂ ಇಲ್ಲ.

ಮೊದಲ ವರ್ಷವೇ ಸಮಾನತೆಯ ಪ್ರಶ್ನೆ ಬಂತು. ಜಪಾನಿನ ದಂಡಸಂಹಿತೆಯಲ್ಲಿ ತಂದೆತಾಯಿಯನ್ನು ಕೊಂದವರಿಗೆ ಬೇರೆ ಕೊಲೆಗಾರರಿಗಿಂತ ಕಠಿಣವಾದ ಶಿಕ್ಷೆಯಿತ್ತು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಸಂವಿಧಾನ ಹೇಳಿದ ಮೇಲೆ ಈ ವ್ಯತ್ಯಾಸ ನಿಲ್ಲುತ್ತದೆಯೆ? ನಿಲ್ಲುತ್ತದೆ ಎಂದಿತು ತನಾಕರ ಪೀಠದ ಬಹುಮತ. ಪಿತೃಭಕ್ತಿ ಎಲ್ಲ ಕಾಲದ ನೀತಿ, ಸಕಾರಣವಾದ ವ್ಯತ್ಯಾಸ ಅಸಮಾನತೆಯಲ್ಲ ಎಂಬುದು ಅದರ ವಾದ. 1973ರಲ್ಲಿ, ತನಾಕ ಇನ್ನೂ ಬದುಕಿದ್ದಾಗಲೇ, ಅದೇ ನ್ಯಾಯಾಲಯ ಆ ಕೊಲೆಯ ಕಲಮನ್ನು ಸಂವಿಧಾನಬಾಹಿರವೆಂದು ಹೇಳಿತು.

ಇದಕ್ಕಿಂತ ಗಂಭೀರವಾದದ್ದು ಮಾತ್ಸುಕಾವಾ ಮೊಕದ್ದಮೆ. 1949ರ ಆಗಸ್ಟ್ 17ರಂದು ಉತ್ತರ ಜಪಾನಿನ ಫುಕುಷಿಮಾ ಪ್ರಾಂತದಲ್ಲಿ ಯಾರೋ ಹಳಿ ಸಡಿಲಿಸಿದ್ದರಿಂದ ರೈಲೊಂದು ಉರುಳಿ ಮೂವರು ರೈಲ್ವೆ ಸಿಬ್ಬಂದಿ ಸತ್ತರು. ಇಪ್ಪತ್ತು ಮಂದಿ ಕಾರ್ಮಿಕ ಸಂಘದವರನ್ನು ಬಂಧಿಸಲಾಯಿತು. ಕೆಳ ನ್ಯಾಯಾಲಯ ಇಪ್ಪತ್ತೂ ಮಂದಿಯನ್ನು ತಪ್ಪಿತಸ್ಥರೆಂದಿತು, ಐವರಿಗೆ ಮರಣದಂಡನೆ ವಿಧಿಸಿತು. ಕಾದಂಬರಿಕಾರ ಕಜುವೊ ಹಿರೊತ್ಸು ವರ್ಷಗಟ್ಟಲೆ ಕಡತ ಓದಿ, ಇವರು ನಿರಪರಾಧಿಗಳೆಂದು ಬರೆಯುತ್ತ ಹೋದರು. 1955ರಲ್ಲಿ ತನಾಕ ನ್ಯಾಯಾಧೀಶರ ಸಭೆಯೊಂದರಲ್ಲಿ, ಹೊರಗಿನ ಗದ್ದಲಕ್ಕೆ ಕಿವಿಗೊಡಬೇಡಿ ಎಂದು ಎಚ್ಚರಿಸಿದರು. ನ್ಯಾಯಾಧೀಶ ಗದ್ದಲಕ್ಕೆ ಮಣಿಯಬಾರದು ಎಂಬುದೇನೋ ನಿಜ. ಆದರೆ ಆ ಗದ್ದಲದಲ್ಲಿ ಸತ್ಯವೂ ಇತ್ತು. ಮರಣದಂಡನೆಗೆ ಗುರಿಯಾಗಿದ್ದ ಒಬ್ಬಾತ ಸಂಚು ನಡೆಯಿತೆಂದು ಹೇಳಿದ ಹೊತ್ತಿನಲ್ಲಿ ಕಾರ್ಖಾನೆಯ ಮಾತುಕತೆಯಲ್ಲಿ ಕುಳಿತಿದ್ದನೆಂದು ತೋರಿಸುವ ಟಿಪ್ಪಣಿಯೊಂದು ಸರಕಾರಿ ವಕೀಲರ ಬಳಿಯಲ್ಲೇ ಅಡಗಿತ್ತು! 1959ರ ಆಗಸ್ಟ್ 10ರಂದು ಸರ್ವೋಚ್ಚ ನ್ಯಾಯಾಲಯ 7–5ರ ಬಹುಮತದಿಂದ ಮರುವಿಚಾರಣೆಗೆ ಕಳಿಸಿತು. ತನಾಕ ಐವರ ಕಡೆಗಿದ್ದರು. ಬಹುಮತದವರು ಮರಗಳನ್ನು ನೋಡುತ್ತ ಕಾಡನ್ನು ಕಾಣದೆ ಹೋದರು ಎಂದು ಭಿನ್ನಮತದಲ್ಲಿ ಆಕ್ಷೇಪಿಸಿದರು. 1961ರಲ್ಲಿ ಎಲ್ಲರೂ ಬಿಡುಗಡೆಯಾದರು. 1963ರಲ್ಲಿ ಅದು ಖಾಯಂ ಆಯಿತು. ಕಾಡನ್ನು ನೋಡಿದವರ ಮಾತು ನಡೆದಿದ್ದರೆ ನಾಲ್ವರು ನಿರಪರಾಧಿಗಳು ನೇಣಿಗೆ ಹೋಗುತ್ತಿದ್ದರು, ಏಕೆಂದರೆ ಅಪೀಲಿನ ಬಳಿಕ ಮರಣದಂಡನೆ ಉಳಿದದ್ದು ನಾಲ್ವರ ಮೇಲೆ.

ಅದೇ ವರ್ಷದ ಡಿಸೆಂಬರಿನಲ್ಲಿ ಸುನಗಾವಾ ಮೊಕದ್ದಮೆ. ಟೋಕಿಯೊ ಬಳಿಯ ತಾಚಿಕಾವಾ ಎಂಬಲ್ಲಿ ಅಮೆರಿಕದ ವಿಮಾನ ನೆಲೆಯಿತ್ತು. ಅದರ ವಿಸ್ತರಣೆಗೆ ರೈತರ ಜಮೀನು ಬೇಕಾಗಿತ್ತು. 1957ರ ಜುಲೈನಲ್ಲಿ ಪ್ರತಿಭಟನಕಾರರು ಬೇಲಿ ದಾಟಿದರು, ಏಳು ಮಂದಿಯ ಮೇಲೆ ಮೊಕದ್ದಮೆಯಾಯಿತು. 1959ರ ಮಾರ್ಚ್ 30ರಂದು ಟೋಕಿಯೊ ಜಿಲ್ಲಾ ನ್ಯಾಯಾಧೀಶ ಅಕಿಯೊ ದಾತೆ ಅವರನ್ನು ಬಿಡುಗಡೆ ಮಾಡಿದರಲ್ಲದೆ, ಅಮೆರಿಕದ ಸೈನ್ಯ ಜಪಾನಿನಲ್ಲಿರುವುದೇ ಒಂಬತ್ತನೆಯ ಕಲಮಿಗೆ ವಿರುದ್ಧವೆಂದರು. ಎರಡೂ ಸರಕಾರಗಳು ಬೆಚ್ಚಿಬಿದ್ದವು. ಭದ್ರತಾ ಒಪ್ಪಂದವನ್ನು ಪರಿಷ್ಕರಿಸುವ ಮಾತುಕತೆ ಆಗ ನಡೆಯುತ್ತಿತ್ತು. ಮಧ್ಯದ ಹೈಕೋರ್ಟನ್ನು ದಾಟಿ ಮೊಕದ್ದಮೆ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂತು. ಡಿಸೆಂಬರ್ 16ರಂದು ಹದಿನೈದು ನ್ಯಾಯಾಧೀಶರೂ ಒಮ್ಮತದಿಂದ ಆ ತೀರ್ಪನ್ನು ರದ್ದುಪಡಿಸಿದರು. ಇಂಥ ರಾಜಕೀಯ ಒಪ್ಪಂದ ಸಂವಿಧಾನಕ್ಕೆ ಎದ್ದು ಕಾಣುವಷ್ಟು ವಿರುದ್ಧವಾಗಿದ್ದರೆ ಹೊರತು ನ್ಯಾಯಾಲಯ ಕೈಹಾಕಬಾರದು ಎಂದರು. ತನಾಕ ತಮ್ಮದೊಂದು ಟಿಪ್ಪಣಿಯನ್ನೂ ಸೇರಿಸಿ, ಇಂದಿನ ಜಗತ್ತಿನಲ್ಲಿ ತನ್ನ ರಕ್ಷಣೆ ಇತರರ ರಕ್ಷಣೆಯೂ ಹೌದು ಎಂದು ಬರೆದರು. ವಿಶ್ವ ಕಾನೂನಿನ ಕನಸು ಇಲ್ಲಿ ಸೈನಿಕ ಒಪ್ಪಂದದ ಆಸರೆಯಾಗಿ ಬಂತು. ಕಮ್ಯುನಿಸಮ್ಮಿನ ಮೇಲೆ ಅವರಿಗಿದ್ದ ತೀವ್ರ ವಿರೋಧ ಗುಟ್ಟೇನೂ ಆಗಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ತನಾಕ ಜಪಾನಿನ ಹೊರಗೆ ಯಾರಿಗೂ ನೆನಪಿರುತ್ತಿರಲಿಲ್ಲ. 1961ರಲ್ಲಿ ಅವರು ಹೇಗ್‌ಗೆ ಹೋದರು. ವಿಶ್ವಸಂಸ್ಥೆಯ ನ್ಯಾಯಾಲಯಕ್ಕೆ ಆಯ್ಕೆಯಾದ ಮೊದಲ ಜಪಾನೀಯ ಅವರು. (ಭಾರತದಿಂದ ಆ ಪೀಠಕ್ಕೆ ಮೊದಲು ಹೋದವರು ದಕ್ಷಿಣ ಕನ್ನಡ ಮೂಲದ ಸರ್ ಬೆನೆಗಲ್ ನರಸಿಂಗ ರಾವ್, 1952ರಲ್ಲಿ ಸೇರಿದ ಅವರು ಮರುವರ್ಷವೇ ತೀರಿಕೊಂಡರು.)

ನೈಋತ್ಯ ಆಫ್ರಿಕ, ಎಂದರೆ ಇಂದಿನ ನಮೀಬಿಯಾ, ಮೊದಲು ಜರ್ಮನಿಯ ವಸಾಹತಾಗಿತ್ತು. ಮೊದಲ ಮಹಾಯುದ್ಧದ ಬಳಿಕ ರಾಷ್ಟ್ರಸಂಘ ಅದನ್ನು ದಕ್ಷಿಣ ಆಫ್ರಿಕದ ಕೈಗೆ ವಹಿಸಿತು. ಕೊಟ್ಟದ್ದು ಒಡೆತನವನ್ನಲ್ಲ, ಅಲ್ಲಿನ ಜನರ ಏಳಿಗೆಯನ್ನು ನೋಡಿಕೊಳ್ಳುವ ಹೊಣೆಯನ್ನು. ದಕ್ಷಿಣ ಆಫ್ರಿಕ ಅಲ್ಲಿಗೂ ವರ್ಣಭೇದವನ್ನು ಒಯ್ದಿತು. ಕರಿಯರಿಗೆ ಬೇರೆ ವಸತಿ, ಬೇರೆ ಶಾಲೆ, ಓಡಾಟಕ್ಕೆ ಅನುಮತಿ ಚೀಟಿ. ಕೆಲವು ಉದ್ಯೋಗಗಳಿಗೆ ಪ್ರವೇಶವೇ ಇಲ್ಲ. 1960ರ ನವೆಂಬರಿನಲ್ಲಿ ರಾಷ್ಟ್ರಸಂಘದ ಹಳೆಯ ಸದಸ್ಯರಾಗಿದ್ದ ಇಥಿಯೋಪಿಯಾ ಮತ್ತು ಲೈಬೀರಿಯಾ ಮೊಕದ್ದಮೆ ಹೂಡಿದವು. ವಿಚಾರಣೆಯ ಅಧಿಕಾರ ತನಗಿದೆಯೆಂದು 1962ರಲ್ಲಿ ನ್ಯಾಯಾಲಯ 8–7ರಿಂದ ಹೇಳಿತು. ಆಮೇಲೆ ಪೀಠ ಬದಲಾಯಿತು. ಒಬ್ಬರು ತೀರಿಕೊಂಡರು, ಒಬ್ಬರು ಕಾಯಿಲೆ ಬಿದ್ದರು, ಪಾಕಿಸ್ತಾನದ ಜಫ್ರುಲ್ಲಾ ಖಾನ್ ಹೊರಗುಳಿಯಬೇಕಾಯಿತು. 1966ರಲ್ಲಿ ಬಂದ ತೀರ್ಪು ವರ್ಣಭೇದ ಸರಿಯೋ ತಪ್ಪೋ ಎಂದು ಹೇಳಲೇ ಇಲ್ಲ. ಈ ಎರಡು ದೇಶಗಳಿಗೆ ಇದನ್ನು ಕೇಳುವ ಹಕ್ಕೇ ಇಲ್ಲ ಎಂದಿತು. ಆರು ವರ್ಷ ಪರೀಕ್ಷೆ ಬರೆಸಿ, ಕೊನೆಗೆ ನಿನಗೆ ಕೂರುವ ಅರ್ಹತೆಯಿರಲಿಲ್ಲ ಎಂದು ಉತ್ತರಪತ್ರಿಕೆಯನ್ನು ಓದದೆ ಹಿಂದಿರುಗಿಸಿದಂತೆ!

ತನಾಕ ಉತ್ತರಪತ್ರಿಕೆಯನ್ನು ಓದಿದರು. ದಕ್ಷಿಣ ಆಫ್ರಿಕದ ವಾದ ಜಾಣತನದ್ದಾಗಿತ್ತು. 'ಬೇರೆ ಬೇರೆ ಜನರನ್ನು ಬೇರೆ ಬೇರೆಯಾಗಿ ನೋಡಿಕೊಳ್ಳುವುದು ಅವರ ಒಳ್ಳೆಯದಕ್ಕೇ' ಎಂದು ಅದು ಹೇಳಿತ್ತು. ತನಾಕ ಇದರ ಅರ್ಧವನ್ನು ಒಪ್ಪಿದರು. ಸಮಾನತೆಯೆಂದರೆ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಹಾಕುವುದಲ್ಲ. ವಯಸ್ಸು, ಅವಶ್ಯಕತೆ ಬೇರೆಯಾದಾಗ ಉಪಚಾರವೂ ಬೇರೆಯಾಗಬಹುದು. 1950ರಲ್ಲಿ ಟೋಕಿಯೊದಲ್ಲಿ ಬಳಸಿದ ತರ್ಕದ ಎಳೆಯೇ ಇದು. ಆದರೆ ಈ ಸಲ ಅವರು ಅಲ್ಲಿಗೇ ನಿಲ್ಲದೆ ಮುಂದೆ ಹೋದರು. ವ್ಯತ್ಯಾಸ ಮಾಡುವವನು ಅದಕ್ಕೆ ನ್ಯಾಯಯುತವಾದ ಕಾರಣವನ್ನು ತೋರಿಸಬೇಕು. ಜನಾಂಗ, ಬಣ್ಣ ತಾವಾಗಿಯೇ ಅಂಥ ಕಾರಣವಾಗಲಾರವು. ಅಲ್ಪಸಂಖ್ಯಾತರ ಭಾಷೆಗೆ ಬೇರೆ ಶಾಲೆ ಇರಬಹುದು. ಆದರೆ ಅದು ಅವರು ಬಯಸಿದ್ದಕ್ಕಾಗಿ ಇರುವಂಥದು; ಬೇಡವೆಂದವರ ಮೇಲೆ ಹೇರಿದರೆ ಅದು ರಕ್ಷಣೆಯಾಗುವುದಿಲ್ಲ. ಉದ್ದೇಶ ಒಳ್ಳೆಯದಿತ್ತು ಎಂಬ ಸಮಜಾಯಿಷಿಯೂ ಸಲ್ಲದು, ಅನ್ಯಾಯ ಇರುವುದು ಆಚರಣೆಯಲ್ಲೇ ಎಂದರು.

ಮೀಟರಿನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಮನುಷ್ಯನ ಹಕ್ಕುಗಳನ್ನು ಸರಕಾರಗಳು ಕಾಯಿದೆಯಿಂದಲೋ ಒಪ್ಪಂದದಿಂದಲೋ ಸೃಷ್ಟಿಸಲಾರವು. ಇರುವುದನ್ನು ಇದೆಯೆಂದು ದೃಢಪಡಿಸಬಲ್ಲವು, ಅಷ್ಟೆ. ದೇಶದ ಗಡಿ ದಾಟಿದೊಡನೆ ಒಬ್ಬ ಮನುಷ್ಯ ಬೇರೆ ಮನುಷ್ಯನಾಗುವುದಿಲ್ಲ. ಆದ್ದರಿಂದ ಈ ಹಕ್ಕುಗಳ ವಿಷಯದಲ್ಲಿ ಎಲ್ಲ ದೇಶಗಳೂ, ಒಪ್ಪಂದಕ್ಕೆ ಸಹಿ ಹಾಕದವೂ ಕೂಡ, ಬದ್ಧವಾಗಿರುತ್ತವೆ ಎಂದು ತನಾಕ ಬರೆದರು.

ಅದೇ ವರ್ಷ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ದಕ್ಷಿಣ ಆಫ್ರಿಕಕ್ಕೆ ವಹಿಸಿದ್ದ ಹೊಣೆಯನ್ನು ಹಿಂತೆಗೆದುಕೊಂಡಿತು. ತನಾಕರ ಒಂಬತ್ತು ವರ್ಷದ ಅವಧಿ ಮುಗಿಯುವ ದಿನ, 1970ರ ಫೆಬ್ರವರಿ 5ರಂದು, ಬಾರ್ಸಿಲೋನಾ ಟ್ರ್ಯಾಕ್ಷನ್ ಎಂಬ ವಿದ್ಯುತ್ ಕಂಪೆನಿಯ ಮೊಕದ್ದಮೆಯ ತೀರ್ಪು ಬಂತು. ಕೆನಡಾದಲ್ಲಿ ನೋಂದಣಿಯಾಗಿ ಸ್ಪೇನಿನಲ್ಲಿ ದಿವಾಳಿಯೆಂದು ಸಾರಲ್ಪಟ್ಟ ಕಂಪೆನಿ ಅದು. ಷೇರುದಾರರು ಬಹುಪಾಲು ಬೆಲ್ಜಿಯಂನವರು. ಅವರ ಪರವಾಗಿ ಬೆಲ್ಜಿಯಂ ನ್ಯಾಯ ಕೇಳಬಹುದೆ? ಕೂಡದು ಎಂದಿತು ನ್ಯಾಯಾಲಯ. ಕೇಳಬಹುದು, ಆದರೆ ಈ ಪ್ರಕರಣದಲ್ಲಿ ಅನ್ಯಾಯವಾಗಿದ್ದು ಸಾಬೀತಾಗಿಲ್ಲ ಎಂದು ತನಾಕ ಪ್ರತ್ಯೇಕ ಅಭಿಪ್ರಾಯ ಬರೆದರು. ಕಂಪೆನಿ ಮತ್ತು ಷೇರುದಾರರ ಸಂಬಂಧ ಅವರ ಹಳೆಯ ಪಾಠವಲ್ಲವೆ! ಆದರೆ ಅದೇ ತೀರ್ಪಿನ ಒಂದು ಕಡೆ ನ್ಯಾಯಾಲಯ ಬೇರೊಂದು ಮಾತನ್ನೂ ಸೇರಿಸಿತ್ತು: ಜನಾಂಗ ಭೇದದಿಂದ ಮನುಷ್ಯರನ್ನು ರಕ್ಷಿಸುವ ಹೊಣೆಯಂಥವು ಇಡೀ ಜಗತ್ತಿಗೇ ಸಂಬಂಧಿಸಿದವು. 1966ರ ತಪ್ಪನ್ನು ಹೀಗೆ ತಿದ್ದಿಕೊಂಡಿತೆಂದು ಕಾನೂನು ಪಂಡಿತರು ಹೇಳುತ್ತಾರೆ. 1971ರಲ್ಲಿ ನಮೀಬಿಯಾದಲ್ಲಿ ದಕ್ಷಿಣ ಆಫ್ರಿಕ ಇರುವುದೇ ಕಾನೂನುಬಾಹಿರವೆಂದು ಹೇಗ್ ಸಲಹೆ ನೀಡಿತು. ತನಾಕ 1974ರ ಮಾರ್ಚ್ 1ರಂದು ತೀರಿಕೊಂಡರು. ನಮೀಬಿಯಾ 1990ರ ಮಾರ್ಚ್ 21ರಂದು ಸ್ವತಂತ್ರವಾಯಿತು.

2008ರಲ್ಲಿ ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಹುಡುಕುತ್ತಿದ್ದ ಜಪಾನೀ ಪತ್ರಕರ್ತರೊಬ್ಬರಿಗೆ 1959ರ ಒಂದ ತಂತಿ ಸಿಕ್ಕಿತು. ಸುನಗಾವಾ ಮೊಕದ್ದಮೆ ಬಾಕಿಯಿದ್ದಾಗಲೇ ಮುಖ್ಯ ನ್ಯಾಯಾಧೀಶ ತನಾಕ ತಮ್ಮೊಡನೆ ಖಾಸಗಿಯಾಗಿ ಅದರ ಬಗ್ಗೆ ಮಾತಾಡಿದರೆಂದು ಅಮೆರಿಕದ ರಾಯಭಾರಿ (ಜನರಲ್ ಮ್ಯಾಕ್‌ಆರ್ಥರ್ ಅವರ ಸೋದರನ ಮಗ, ಹೆಸರೂ ಅದೇ) ವಾಷಿಂಗ್ಟನ್ನಿಗೆ ವರದಿ ಮಾಡಿದ್ದರು. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಕಾಗದಗಳು ಹೊರಬಂದವು. ತೀರ್ಪು ಯಾವಾಗ ಬರಬಹುದು, ಒಮ್ಮತದ ತೀರ್ಪಾಗಲೆಂಬ ಆಸೆ ಎಷ್ಟಿದೆ ಎಂಬುದನ್ನೂ ತನಾಕ ಅಮೆರಿಕದ ಅಧಿಕಾರಿಗಳಿಗೆ ತಿಳಿಸಿದ್ದರೆಂದು ಅವು ಹೇಳುತ್ತವೆ. ಒಂದು ಪಕ್ಷಕ್ಕೆ ಹತ್ತಿರದ ಸಂಬಂಧವಿರುವವರೊಡನೆ ನ್ಯಾಯಾಧೀಶ ಹೀಗೆ ಮಾತಾಡುವುದು ಸಲ್ಲದೆಂದು ಕಾನೂನು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ನ್ಯಾಯಾಂಗದ ಸ್ವಾತಂತ್ರ್ಯವನ್ನು ಶಾಲೆಗಳಿಗೂ ಮಾದರಿಯಾಗಿ ತೋರಿಸಿದ್ದ ತನಾಕರಿಗೆ ಅದು ಗೊತ್ತಿರಲಿಲ್ಲವೆನ್ನಲು ಸಾಧ್ಯವಿಲ್ಲ.

ಸುನಗಾವಾ ಆರೋಪಿಗಳಿಗೆ ಆಗ ಆದದ್ದು ತಲಾ ಎರಡು ಸಾವಿರ ಯೆನ್ ದಂಡ. ಮರುವಿಚಾರಣೆ ಕೋರಿ ಅವರು ಸಲ್ಲಿಸಿದ ಅರ್ಜಿಯನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ನಿಷ್ಪಕ್ಷಪಾತ ವಿಚಾರಣೆಯ ಹಕ್ಕು ತಪ್ಪಿತೆಂದು ಸರಕಾರದಿಂದ ಪರಿಹಾರ ಕೇಳಿದ ದಾವೆಯನ್ನು 2024ರ ಜನವರಿಯಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ವಜಾ ಮಾಡಿತು. ತಾರುಣ್ಯದಲ್ಲಿ ವಿಮಾನ ನೆಲೆಯ ಬೇಲಿ ದಾಟಿದ್ದವರಲ್ಲಿ ಬದುಕುಳಿದವರು ಆ ವೇಳೆಗೆ ಎಂಬತ್ತು ದಾಟಿದ ಮುದುಕರಾಗಿದ್ದರು. ಅವರು ಕಾದಾಡಿದ ತಾಚಿಕಾವಾ ನೆಲೆಯನ್ನು ಅಮೆರಿಕ 1977ರಲ್ಲೇ ಬಿಟ್ಟುಕೊಟ್ಟಿತ್ತು. ಅದರ ಒಂದು ಭಾಗದಲ್ಲಿ ಈಗ ದೊಡ್ಡದೊಂದು ಉದ್ಯಾನವಿದೆ.